ಅವ್ವ ಹೇಳಿದ್ದಕ್ಕೆ ಆಗಲಿ ಅಂದೆ

ಅವ್ವ ಅತ್ತಿಗೆಯನ್ನು ನೀರು ತರಲು ಒಳಗೆ ಕಳಿಸಿದಾಗ ಮಂಚದ ಪಕ್ಕದ ಸ್ಟೂಲಿನ ಮೇಲೆ ಚೊಂಬಿನ ತುಂಬ ನೀರಿತ್ತು. ಅದನ್ನು ನಾನೂ ನೋಡಿದೆ, ಅತ್ತಿಗೆಯೂ ನೋಡಿದರು. ಅವರು ಸೆರಗು ಸಿಕ್ಕಿಸಿಕೊಂಡು ಅಡುಗೆಮನೆಗೆ ಹೋದರು. ಅವ್ವ ನನ್ನ ಮಣಿಕಟ್ಟು ಹಿಡಿದು ಹತ್ತಿರಕ್ಕೆ ಎಳೆದುಕೊಂಡಳು. ಅವಳ ತುಟಿ ಅಲ್ಲಾಡತೊಡಗಿತು.

ಅದು ಚಾಮರಾಜನಗರದಲ್ಲಿರುವ ನನ್ನ ತವರುಮನೆ. ಅಣ್ಣ ಅತ್ತಿಗೆ ಅವ್ವನನ್ನು ನೋಡಿಕೊಳ್ಳುತ್ತಿದ್ದರು. ಎದೆಯ ಕಾಯಿಲೆಯಿಂದ ಅವಳು ಹಾಸಿಗೆ ಹಿಡಿದು ಎರಡು ವರ್ಷವಾಗುತ್ತಾ ಬಂದಿತ್ತು. ಮಾತು ಪೂರ್ತಿ ನಿಂತಿರಲಿಲ್ಲ, ಆದರೆ ದನಿಯೊಳಗಿನ ಗಟ್ಟಿಯೆಲ್ಲ ಹೋಗಿ ಉಸಿರಷ್ಟೇ ಉಳಿದಿತ್ತು. ಹತ್ತಿರ ಕೂತವರಿಗೆ ಅದು ಸಾಕಾಗುತ್ತಿತ್ತು. ನನಗೆ ಸಾಲುತ್ತಿರಲಿಲ್ಲ. ಐವತ್ತು ದಾಟುವ ಹೊತ್ತಿಗೇ ಮಂದವಾಗತೊಡಗಿದ್ದ ನನ್ನ ಕಿವಿ, ಈಗ ಎದುರಿಗೆ ನಿಂತು ಗಟ್ಟಿಯಾಗಿ ಹೇಳಿದರೆ ಮಾತ್ರ ತಿಳಿಯುವ ಮಟ್ಟಕ್ಕೆ ಬಂದು ನಿಂತಿತ್ತು.

“ವಸಿ ಜೋರಾಗಿ ಹೇಳವ್ವ” ಅಂದೆ.

ಅವ್ವ ಬಾಗಿಲ ಕಡೆ ನೋಡಿದಳು. ಇನ್ನೊಮ್ಮೆ ಹೇಳಲು ಹೋದಳು. ಕುತ್ತಿಗೆಯ ನರ ಬಿಗಿದು ಕೆಮ್ಮು ಬಂತು. ನನಗೆ ಕೇಳಿಸಿದ್ದು ಆ ಕೆಮ್ಮು ಮಾತ್ರ. ಅವಳು ನನ್ನ ಕೈ ಬಿಟ್ಟು, ಅದರ ಮೇಲೆ ಎರಡು ಸಲ ತಟ್ಟಿ, ಗೋಡೆಯ ಕಡೆಗೆ ತಿರುಗಿಕೊಂಡಳು. ಅತ್ತಿಗೆ ಇನ್ನೊಂದು ಚೊಂಬು ನೀರು ತಂದು ಮೊದಲಿನದರ ಪಕ್ಕದಲ್ಲೇ ಇಟ್ಟರು. ಅವ್ವ ಅವರಿಗೇನೋ ಹೇಳಿದಳು. ಅತ್ತಿಗೆ ನನ್ನ ಕಡೆ ತಿರುಗಿ, ಬಸ್‌ ಸ್ಟ್ಯಾಂಡಿನಲ್ಲಿ ಕೂಗುವವರ ಹಾಗೆ ತಿಳಿಸಿದರು: “ಕೂಸ್ಗೆ ಕೇಳಕಿಲ್ಲ, ಬುಡು ಅಂತಾವ್ರೆ ಕಣಮ್ಮಿ.”

ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ, ಹಾಗಾಗಿ ಬರೆದು ತೋರಿಸುವ ದಾರಿ ಇರಲಿಲ್ಲ. ಇನ್ನೊಬ್ಬರ ಬಾಯಿಂದ ಹೇಳಿಸಬಹುದಾದ ಮಾತೂ ಅದಾಗಿರಲಿಲ್ಲ. ಆಗಿದ್ದರೆ ತುಂಬಿದ ಚೊಂಬಿನ ಮುಂದೆ ನೀರು ಕೇಳುತ್ತಿರಲಿಲ್ಲ. ಅವಳ ಹತ್ತಿರ ನನಗೊಬ್ಬಳಿಗೇ ಹೇಳಬೇಕಾದದ್ದು ಏನೋ ಇದೆ, ಅವಳ ಉಸಿರು ಮುಗಿಯುವುದರೊಳಗೆ ನಾನು ಅದನ್ನು ಕೇಳಿಸಿಕೊಳ್ಳಬೇಕು. ಗುಂಡ್ಲುಪೇಟೆಗೆ ವಾಪಸು ಹೋಗುವ ಬಸ್ಸಿನಲ್ಲಿ ಕೂತಾಗ ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ. ಕಿವಿಗೆ ಮಿಷನ್ನು ಹಾಕಿಸಿಕೋ ಎಂದು ನಮ್ಮ ಯಜಮಾನರು ಎಷ್ಟೋ ವರ್ಷದಿಂದ ಹೇಳುತ್ತಿದ್ದರು. ನಾನು ದಸರಾ ಆಗಲಿ, ಸಂಕ್ರಾಂತಿ ಆಗಲಿ ಎಂದು ಮುಂದಕ್ಕೆ ಹಾಕುತ್ತಾ ಬಂದಿದ್ದೆ.

ಕೇಳಿಸದಿದ್ದರೂ ಕೇಳಿಸಿದವರ ಹಾಗೆ ಇರುವುದನ್ನು ನಾನು ಚಿಕ್ಕಂದಿನಲ್ಲೇ ಕಲಿತಿದ್ದೆ. ನಾನು ಓದಿದ್ದು ಕಾನ್ವೆಂಟಿನಲ್ಲಿ. ಅಲ್ಲಿ ನಮ್ಮ ಕ್ಲಾಸಿನ ಸಿಸ್ಟರ್ ಬಹಳ ಮೆಲ್ಲಗೆ ಮಾತಾಡುತ್ತಿದ್ದರು. ಬೆನ್ನು ನೆಟ್ಟಗಿಟ್ಟು, ಕೈ ಮಡಿಚಿ, ಹೇಳುವವರ ಮುಖವನ್ನೇ ನೋಡುತ್ತಾ ಕೂರಬೇಕು. ಹೇಳಿದ್ದು ತಿಳಿಯದೆ ಹೋದರೆ “ಪಾರ್ಡನ್ ಸಿಸ್ಟರ್” ಅನ್ನಬಹುದಿತ್ತು, ಆದರೆ ಒಂದು ಪೀರಿಯಡ್ಡಿನಲ್ಲಿ ಎರಡನೇ ಸಲ ಅಂದವಳು ಬೆಂಚಿನ ಮೇಲೆ ನಿಲ್ಲಬೇಕಾಗುತ್ತಿತ್ತು. ಹಾಗಾಗಿ ನಾವು ಯಾರೂ ಮೊದಲನೇ ಸಲವೂ ಅನ್ನುತ್ತಿರಲಿಲ್ಲ. ತಿಳಿಯದಿದ್ದರೆ ಸಣ್ಣಗೆ ನಕ್ಕು ತಲೆಯಾಡಿಸುತ್ತಿದ್ದೆವು. ಕಿವಿ ಮಂದವಾದ ಮೇಲೆ ಆ ಅಭ್ಯಾಸ ನನ್ನ ಕೈ ಹಿಡಿಯಿತು. ಮದುವೆ ಮನೆಯಲ್ಲಿ, ನೆಂಟರ ಜಗಲಿಯಲ್ಲಿ, ಉಳಿದವರು ನಕ್ಕಾಗ ನಕ್ಕು, ಅವರು ಅಯ್ಯೋ ಅಂದಾಗ ಮುಖ ಸಣ್ಣಗೆ ಮಾಡಿ, ನಡುನಡುವೆ ತಲೆಯಾಡಿಸುತ್ತಾ ಹತ್ತು ವರ್ಷ ಕಳೆದಿದ್ದೆ. ಎಷ್ಟು ಚೆನ್ನಾಗಿ ಕಳೆದಿದ್ದೆನೆಂದರೆ, ಎಷ್ಟೋ ಜನಕ್ಕೆ ನಾನು ಕಿವುಡಿ ಎನ್ನುವುದೇ ಗೊತ್ತಿರಲಿಲ್ಲ. ಮಿತಭಾಷಿ, ಒಳ್ಳೆಯ ಹೆಂಗಸು ಅನ್ನುತ್ತಿದ್ದರು.

ಚಾಮರಾಜನಗರದ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಕಿವಿ ಪರೀಕ್ಷೆ ಮಾಡಿದವಳು ನನ್ನ ಮಗಳ ವಯಸ್ಸಿನ ಹುಡುಗಿ. ಕಿವಿಯೊಳಕ್ಕೆ ತಣ್ಣಗಿನ ಗುಲಾಬಿ ಬಣ್ಣದ ಹಿಟ್ಟು ತುಂಬಿ ಅಚ್ಚು ತೆಗೆದುಕೊಂಡಳು. ಹದಿನೈದು ದಿನ ಬಿಟ್ಟು ಹೋದಾಗ ಎರಡು ಮಿಷನ್ನು ಸಿದ್ಧವಾಗಿದ್ದವು. ಹುರುಳಿಕಾಯಿಯ ತುಂಡಿನ ಹಾಗೆ ಬಾಗಿದ ಒಂದು ಭಾಗ ಕಿವಿಯ ಹಿಂದೆ ಕೂರುತ್ತಿತ್ತು. ಅದರಿಂದ ಒಂದು ಸಣ್ಣ ಕೊಳವೆ ಬಂದು ಕಿವಿಯ ತೂತಿಗೆ ಹೊಂದುವ ಅಚ್ಚಿಗೆ ಸೇರುತ್ತಿತ್ತು. ಅಚ್ಚಿನ ತುದಿಯಲ್ಲಿ ಸೂಜಿ ಹೋಗುವಷ್ಟು ಒಂದು ರಂಧ್ರ. ಸದ್ದೆಲ್ಲ ಅದರೊಳಗಿಂದ ಬರಬೇಕು.

ಮೊದಲ ದಿನ ಒಂದು ಗಂಟೆ, ಸದ್ದಿಲ್ಲದ ಕಡೆ ಕೂತು ಹಾಕಿಕೊಳ್ಳಿ, ಆಮೇಲೆ ದಿನದಿನವೂ ಹೆಚ್ಚಿಸಿ ಅಂದಳು. ಇಷ್ಟು ವರ್ಷ ಕೇಳದೆ ಇದ್ದ ತಲೆಗೆ ಈಗ ಎಲ್ಲ ಸದ್ದೂ ಒಟ್ಟಿಗೆ ನುಗ್ಗಿ ಗಾಬರಿಯಾಗುತ್ತದೆ, ಅಭ್ಯಾಸವಾದ ಹಾಗೆ ಗಲಾಟೆ ತಾನಾಗಿ ಕಡಿಮೆಯಾಗುತ್ತದೆ ಎಂದೂ ಹೇಳಿದಳು. ಈ ಮಾತನ್ನು ನಾನು ಚೆನ್ನಾಗಿ ನೆನಪಿಟ್ಟುಕೊಂಡೆ. ನೀರು ತಾಗಬಾರದು, ಎಣ್ಣೆ ತಾಗಬಾರದು, ಪೌಡರು, ಸೆಂಟು ಹಾಕುವಾಗ ತೆಗೆದಿಡಬೇಕು, ದಿನಾ ಬ್ರಷ್ಷಿನಿಂದ ಒರೆಸಬೇಕು. ಪೌಡರು ಹಾಕುವ ಅಭ್ಯಾಸ ನನಗಿಲ್ಲ ಎಂದು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ.

ಸದ್ದಿಲ್ಲದ ಕಡೆ ಕೂರಬೇಕೆಂದು ಅವಳು ಹೇಳಿದ್ದರೂ ನಾನು ಮಿಷನ್ನನ್ನು ಹಾಕಿಕೊಂಡೇ ಬಸ್ಸು ಹತ್ತಿದೆ. ಅವ್ವನಿಗಾಗಿ ಬೇಗ ಕಲಿತುಬಿಡಬೇಕೆಂಬ ಆತುರ. ಬಸ್ಸಿನ ಕಿಟಕಿ ಗಾಜು ಚೌಕಟ್ಟಿನಲ್ಲಿ ಲಟಲಟ ಹೊಡೆದುಕೊಳ್ಳುವುದು, ಕಂಡಕ್ಟರು ಬಾಗಿಲಿನ ತಗಡಿಗೆ ಬಡಿಯುವುದು, ಹಿಂದಿನ ಸೀಟಿನ ಹೆಂಗಸು ಕಡಲೆಕಾಯಿ ಸುಲಿಯುವುದು, ಎಲ್ಲಕ್ಕೂ ಒಂದೇ ಗಾತ್ರ, ಎಲ್ಲವೂ ನನ್ನ ಹಣೆಯೊಳಗೇ ನಡೆಯುತ್ತಿರುವ ಹಾಗೆ. ಯಾವುದು ಹತ್ತಿರದ್ದು, ಯಾವುದು ದೂರದ್ದು ತಿಳಿಯಲಿಲ್ಲ. ಎದುರಿನ ಲಾರಿ ಹಾರ್ನ್ ಹೊಡೆದಾಗ ನನ್ನ ಕಣ್ಣಲ್ಲಿ ನೀರು ಬಂತು. ತೆರಕಣಾಂಬಿಯಲ್ಲಿ ಬಸ್ಸು ನಿಂತಾಗ ಎರಡನ್ನೂ ಕಿತ್ತು ಡಬ್ಬಿಗೆ ಹಾಕಿದೆ. ಮುಂದಿನ ದಾರಿಯೆಲ್ಲ ನನಗೆ ಗೊತ್ತಿದ್ದ ಹಳೆಯ ಮೌನವಿತ್ತು. ಅದು ಸುಖವಾಗಿತ್ತು ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಸುಖವಾಗಿತ್ತು.

ಮನೆಗೆ ಹೋದಾಗ ಯಜಮಾನರು ಡಬ್ಬಿಯನ್ನು ದೇವರ ಗೂಡಿನ ಮುಂದಿಟ್ಟು, ವಿಭೂತಿ ಹಚ್ಚಿ ಕೈ ಮುಗಿದರು. ನಮ್ಮಲ್ಲಿ ಹೊಸ ಪಾತ್ರೆ ಬಂದರೂ ಹಾಗೆ, ಹೊಸ ಗಾಡಿ ಬಂದರೂ ಹಾಗೆ. “ಇನ್ಮ್ಯಾಲೆ ನಿನ್ನ ಮುಂದೆ ಗೊಣಗೋ ಅಂಗಿಲ್ಲ ಬುಡು” ಅಂದರು. ಅವರು ಅರಿಶಿನದ ವ್ಯಾಪಾರದವರು, ಮನೆಯ ಮುಂಭಾಗದಲ್ಲೇ ಅಂಗಡಿ.

ಮೊದಲ ವಾರದ ಬಗ್ಗೆ ಹೆಚ್ಚು ಬರೆಯಲಾರೆ. ನನ್ನ ದನಿಯೇ ಕೊಡದೊಳಗೆ ಬಾಯಿಟ್ಟು ಮಾತಾಡಿದಂತೆ ಕೇಳುತ್ತಿತ್ತು. ಚಪಾತಿ ಅಗಿದರೆ ಒಣ ಎಲೆಯ ಮೇಲೆ ಯಾರೋ ನಡೆದಂತೆ. ಸ್ಟೀಲ್ ತಟ್ಟೆಯ ಮೇಲೆ ಚಮಚ ಬಿದ್ದರೆ ಹಲ್ಲಿನವರೆಗೂ ನೋವು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡರೆ ಮಿಷನ್ನು ಕುಯ್ಯ್ ಎಂದು ಕೂಗುತ್ತಿತ್ತು. ಕನ್ನಡಕದ ಕಡ್ಡಿಯೂ ಅದೂ ಕಿವಿಯ ಹಿಂದೆ ಒಂದೇ ಜಾಗಕ್ಕೆ ಜಗಳವಾಡುತ್ತಿದ್ದವು. ಅಚ್ಚಿನ ಒಂದು ಅಂಚು ಬಲಗಿವಿಯ ಒಳಗೆ ಉಜ್ಜಿ ಉಜ್ಜಿ ಮೊದಲು ಕೆಂಪಾಯಿತು, ಆಮೇಲೆ ತೇವವಾಯಿತು. ಮೂರನೇ ದಿನ ಕುಕ್ಕರ್ ಕೂಗಿದಾಗ ನಾನು ಒಲೆಯ ಮುಂದೆಯೇ ಕುಕ್ಕರಗಾಲಲ್ಲಿ ಕೂತುಬಿಟ್ಟೆ.

ನೋಯಿಸಿದ್ದು ಸದ್ದು ಮಾತ್ರವಲ್ಲ. ಒಂದು ಮಧ್ಯಾಹ್ನ ಹಜಾರದಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದೆ. ಅಂಗಡಿಯಲ್ಲಿ ಯಜಮಾನರು ಕೇರಳದ ಕಡೆಯ ಒಬ್ಬ ವ್ಯಾಪಾರಿಯ ಜೊತೆ ಮಾತಾಡುತ್ತಿದ್ದರು. ಅರ್ಧ ಕನ್ನಡ, ಅರ್ಧ ಮಲಯಾಳಂ. ತಮ್ಮ ಚಿಕ್ಕಂದಿನಲ್ಲಿ ಹಂಗಳದ ಹತ್ತಿರ ಹೊಲಕ್ಕೆ ಆನೆ ಬಂದದ್ದು, ಅವರ ಅಪ್ಪ ಅಟ್ಟಣೆಯ ಮೇಲಿಂದ ಇಳಿಯಲಾರದೆ ಬೆಳಗಾಗುವವರೆಗೂ ಅಲ್ಲೇ ಕೂತದ್ದು, ಅದನ್ನೆಲ್ಲ ನಿಧಾನವಾಗಿ, ನಗುತ್ತಾ, ಕೈ ತಟ್ಟಿ ಹೇಳುತ್ತಿದ್ದರು. ನನ್ನ ಜೊತೆ ಅವರು ಆಡುವ ಮಾತು ಊಟ, ಬೀಗ, ಹೊರಟೆ, ಬಂದೆ, ಇಷ್ಟೇ ಆಗಿ ಎಷ್ಟು ವರ್ಷವಾಗಿತ್ತು. ಅದು ಅವರ ತಪ್ಪಲ್ಲ. ಉದ್ದದ ಮಾತನ್ನು ಕೂಗಿ ಹೇಳಲು ಯಾರಿಗೂ ಆಗುವುದಿಲ್ಲ. ಆದರೆ ವಯಸ್ಸಾದ ಮೇಲೆ ಅವರ ಮಾತೇ ಕಡಿಮೆಯಾಯಿತೆಂದು ನಾನು ನಂಬಿಕೊಂಡಿದ್ದೆ. ಕಡಿಮೆಯಾಗಿದ್ದದ್ದು ನನ್ನ ಪಾಲಿಗೆ ಮಾತ್ರ. ಅಕ್ಕಿಯ ಮೊರವನ್ನು ಮಡಿಲಲ್ಲಿಟ್ಟುಕೊಂಡು ಆನೆಯ ಕಥೆಯನ್ನು ಕೊನೆಯವರೆಗೂ ಕೇಳಿದೆ.

ಎರಡನೇ ವಾರದ ಕೊನೆಗೆ ಅವ್ವನ ಹತ್ತಿರ ಹೋದೆ. ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಅವಳ ಉಸಿರಾಟ ಕೇಳಿಸಿತು. ಒಲೆ ಊದುವ ಕೊಳವೆಯ ಹಾಗೆ ಎಳೆದು ಎಳೆದು ಬಿಡುತ್ತಿದ್ದಳು. ಇಷ್ಟು ತಿಂಗಳು ನಾನು ಪಕ್ಕದಲ್ಲಿ ಕೂತು ಹಣೆ ಸವರಿದ್ದೆನಲ್ಲ, ಆಗೆಲ್ಲ ಈ ಸದ್ದು ಇತ್ತು, ನನಗೆ ಗೊತ್ತಿರಲಿಲ್ಲ. ಮಂಚದ ಸುತ್ತ ಉಡಿಗಾಲದಿಂದ ಬಂದ ನೆಂಟರು ಕೂತಿದ್ದರು. ನಾನು ಅವರ ನಡುವೆ ನುಸುಳಿ ಅವ್ವನ ಬಳಿ ಬಗ್ಗಿದೆ.

“ಬಂದ್ಯಾ ಕೂಸೇ” ಅಂದಳು.

ನಾಲ್ಕೈದು ವರ್ಷದಿಂದ ನನಗೆ ಅವಳ ದನಿ ಹೀಗೆ ಬಂದಿರಲಿಲ್ಲ. ನಡುವೆ ಯಾರೂ ಇಲ್ಲದೆ, ಯಾರೂ ಜೋರಾಗಿ ಮರುಹೇಳದೆ. ಅದು ಸಣ್ಣಗಿತ್ತು, ಮಿಷನ್ನಿನ ತಗಡಿನ ಛಾಯೆ ಅದರ ಮೇಲೆ ಇತ್ತು, ಆದರೂ ಅವಳದೇ.

“ಬಂದೆ ಕಣವ್ವ.”

ಅವಳು ನನ್ನ ಕಿವಿಯ ಹಿಂದೆ ಬೆರಳಾಡಿಸಿ ಮಿಷನ್ನನ್ನು ಮುಟ್ಟಿ ನೋಡಿದಳು. ಅದು ಕುಯ್ಯ್ ಅಂದಿತು. ಕೈ ಹಿಂದಕ್ಕೆ ತೆಗೆದುಕೊಂಡು, ಕೇಳ್ತದಾ ಎಂದು ಕೇಳಿದಳು. ಕೇಳ್ತದೆ ಅಂದೆ. ಅವಳ ಮುಖ ಅರಳಿದ್ದನ್ನು ನೆಂಟರೆಲ್ಲ ನೋಡಿದರು. ಅವರು ಕಾಫಿಗೆ ಎದ್ದಾಗ ಅವ್ವ ಇನ್ನೊಂದು ಮಾತು ಹೇಳಿದಳು: “ಇನ್ನೊಂದಿನ ಬಾ. ಒಬ್ಳೇ ಬಾ.”

ನಾನು ಮಾರನೆಯ ದಿನವೇ ಹೋಗಬೇಕಿತ್ತು. ಆದರೆ ಅಷ್ಟು ಹೊತ್ತು ಹಾಕಿಕೊಂಡದ್ದರಿಂದ ಬಲಗಿವಿ ಆ ರಾತ್ರಿಯೇ ಊದಿಕೊಂಡಿತು. ಡಾಕ್ಟರು ಮುಲಾಮು ಕೊಟ್ಟು, ನಾಲ್ಕು ದಿನ ಮಿಷನ್ನು ಮುಟ್ಟಬೇಡಿ ಅಂದರು. ನಾನು ಐದು ದಿನ ಮುಟ್ಟಲಿಲ್ಲ. ಐದನೆಯ ದಿನ ನೋವೇನೂ ಇರಲಿಲ್ಲ. ಹಾಕಿಕೊಳ್ಳಲು ಮನಸ್ಸು ಬರಲಿಲ್ಲ, ಅಷ್ಟೇ. ಆ ಒಂದು ದಿನವನ್ನು ನಾನು ಯಾರ ಲೆಕ್ಕಕ್ಕೂ ಹಾಕಲಾರೆ, ನನ್ನದೇ.

ಮತ್ತೆ ಹಾಕಿಕೊಳ್ಳತೊಡಗಿದಾಗ ಸರಿಯಾಗಿ ಕಲಿಯಬೇಕೆಂದು ಒಂದು ಕ್ರಮ ಮಾಡಿಕೊಂಡೆ. ನಮ್ಮದು ಶಿವಪೂಜೆಯ ಮನೆ. ಬೆಳಿಗ್ಗೆ ಸ್ನಾನವಾಗಿ, ಕೊರಳ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡುವವರೆಗೂ ಬಾಯಿಗೆ ಕಾಫಿಯನ್ನೂ ಹಾಕುವುದಿಲ್ಲ. ವಿಭೂತಿ ಗಟ್ಟಿಯನ್ನು ನೀರಿನಲ್ಲಿ ನೆನೆಸಿ, ಮೂರು ಬೆರಳಿನಿಂದ ಹಣೆಗೆ, ಕುತ್ತಿಗೆಗೆ, ತೋಳಿಗೆ, ಕೊನೆಯಲ್ಲಿ ಎರಡೂ ಕಿವಿಗೆ ಹಚ್ಚಿಕೊಳ್ಳುತ್ತೇವೆ. ಕಿವಿಗೆ ಯಾಕೆ ಎಂದು ಚಿಕ್ಕವಳಿದ್ದಾಗ ಅವ್ವನನ್ನು ಕೇಳಿದ್ದೆ. ದೀಕ್ಷೆಯ ದಿನ ಗುರುಗಳು ಮಂತ್ರ ಹೇಳಿದ್ದು ಕಿವಿಯೊಳಗೆ ತಾನೆ ಎಂದಿದ್ದಳು. ಆ ದಿನಗಳಲ್ಲಿ ನಾನು ಪೂಜೆಗೆ ಇನ್ನೂ ಸ್ವಲ್ಪ ಹೆಚ್ಚು ಹೊತ್ತು ಕೂರುತ್ತಿದ್ದೆ, ಕಿವಿಗೆ ಇನ್ನೂ ಸ್ವಲ್ಪ ದಪ್ಪನಾಗಿ ಹಚ್ಚುತ್ತಿದ್ದೆ. ಮುಗಿದ ಕೂಡಲೇ, ಕೂತಲ್ಲೇ, ಅದೇ ಬೆರಳಿನಿಂದ ಡಬ್ಬಿ ತೆರೆದು ಮಿಷನ್ನು ಹಾಕಿಕೊಳ್ಳುತ್ತಿದ್ದೆ. ಪೂಜೆಯ ಜೊತೆಗೇ ಸೇರಿಸಿದರೆ ತಪ್ಪಿಸಿಕೊಳ್ಳುವುದಿಲ್ಲ ಎಂದು ಹಾಗೆ ಮಾಡಿದ್ದು. ಸಂಜೆ ಮೆತ್ತನೆಯ ಬಟ್ಟೆಯಿಂದ ಒರೆಸಿ ಇಡುತ್ತಿದ್ದೆ. ಆ ಬ್ರಷ್ಷಿನ ತುದಿಯನ್ನು ರಂಧ್ರಕ್ಕೆ ತಾಗಿಸಲು ಮಾತ್ರ ಹೆದರಿಕೆ, ಕೆಟ್ಟುಹೋದೀತು ಎಂದು.

ಅದು ಫಲ ಕೊಟ್ಟಿತು. ಒಂದೊಂದು ದಿನ ಕಳೆದ ಹಾಗೆ ಗಲಾಟೆ ಇಳಿಯಿತು. ಚಮಚ ಬಿದ್ದರೆ ಹಲ್ಲು ಜುಮ್ಮೆನ್ನುವುದು ನಿಂತಿತು. ಕುಕ್ಕರ್ ಕೂಗಿದರೆ ನಾನು ಹೆದರಲಿಲ್ಲ. ಬೀದಿಯಲ್ಲಿ ಬೈಕು ಹೋದರೆ ಅದು ಬೀದಿಯಲ್ಲೇ ಹೋಗುತ್ತಿತ್ತು, ನನ್ನ ತಲೆಯೊಳಗೆ ಅಲ್ಲ. ಹುಡುಗಿ ಹೇಳಿದ್ದು ನಿಜವಾಯಿತು, ಅಭ್ಯಾಸವಾಯಿತು ಎಂದು ಯಜಮಾನರಿಗೆ ಹೇಳಿದೆ. ಅವರೂ ಸಂತೋಷಪಟ್ಟರು. ಅವರು ಹೇಳಿದ ಮಾತುಗಳೂ ಸ್ವಲ್ಪ ಸಣ್ಣಗಾದ ಹಾಗಿದ್ದವು. ಅದಕ್ಕೂ ಕಾರಣ ಇದ್ದೇ ಇತ್ತು: ಇನ್ನು ಕೂಗಬೇಕಿಲ್ಲವೆಂದು ಅವರು ಮೆಲ್ಲಗೆ ಮಾತಾಡುತ್ತಿರಬೇಕು.

ಎಂಟನೇ ದಿನ, ಅಣ್ಣ ತೋಟಕ್ಕೆ ಹೋಗುವ ಹೊತ್ತನ್ನೂ ಅತ್ತಿಗೆ ಸಂತೆಗೆ ಹೋಗುವ ದಿನವನ್ನೂ ನೋಡಿಕೊಂಡು, ಒಬ್ಬಳೇ ಚಾಮರಾಜನಗರಕ್ಕೆ ಹೋದೆ. ಬಸ್ಸು ಅಂದು ಎಷ್ಟು ಸಮಾಧಾನವಾಗಿ ಹೋಯಿತೆಂದರೆ ಕಿವಿಯಲ್ಲಿ ಮಿಷನ್ನಿರುವುದೇ ಮರೆತು ಕಣ್ಣು ಹತ್ತಿತ್ತು.

ಅತ್ತಿಗೆ ಚೀಲ ಹಿಡಿದು ಹೊರಟರು. ಬಾಗಿಲು ಹಾಕಿಕೊಂಡು ಬಂದು ಅವ್ವನ ಪಕ್ಕದಲ್ಲಿ ಕೂತೆ. ಬಾಗಿಲಿನಿಂದಲೇ ಕೇಳಿಸಬೇಕಿದ್ದ ಉಸಿರು ಕೇಳಿಸುತ್ತಿಲ್ಲವಲ್ಲ ಎಂದು ಆಗಲೇ ನನಗೆ ಹೊಳೆಯಬೇಕಿತ್ತು. ಉಸಿರಾಟ ಸುಧಾರಿಸಿದೆ ಎಂದುಕೊಂಡೆ. ಅವಳು ನನ್ನ ಕೈ ಹಿಡಿದುಕೊಂಡು ಶುರುಮಾಡಿದಳು.

ಏನೂ ಕೇಳಿಸಲಿಲ್ಲ.

ದೂರದ ಕೋಣೆಯಲ್ಲಿ ಯಾರೋ ಬಟ್ಟೆ ಮಡಿಸುತ್ತಿದ್ದಂತೆ ಒಂದು ಸರಸರ ಮಾತ್ರ ಇತ್ತು. ತಲೆ ಇನ್ನೂ ಬಗ್ಗಿಸಿದೆ. ಅವಳ ಬಾಯಿಯ ಬಿಸಿ ಕೆನ್ನೆಗೆ ತಾಗಿತು, ಮಾತು ತಾಗಲಿಲ್ಲ. ಸುಮ್ಮನೆ ಕನ್ನಡಕ ಸರಿಮಾಡುವವಳ ಹಾಗೆ ಕೈ ಕಿವಿಯ ಹಿಂದಕ್ಕೆ ಹಾಕಿ ಮಿಷನ್ನಿನ ದನಿ ಹೆಚ್ಚಿಸುವ ಗುಂಡಿ ಒತ್ತಿದೆ. ಪಿಂ ಎಂಬ ಸದ್ದು ಬರಬೇಕಿತ್ತು, ಬರಲಿಲ್ಲ. ಅಷ್ಟರಲ್ಲಿ ಅವಳು ಮಾತಿನಲ್ಲಿ ಬಹಳ ಮುಂದೆ ಹೋಗಿದ್ದಳು. ಕಣ್ಣು ನನ್ನ ಮುಖದ ಮೇಲೆಯೇ ಇತ್ತು. ನಿಲ್ಲಿಸು ಅವ್ವ, ಕೇಳ್ತಿಲ್ಲ ಎಂದು ಹೇಳಲು ಬಾಯಿ ತೆರೆದೆ. ಆ ದಿನ ನೆಂಟರ ಮುಂದೆ ಅರಳಿದ ಮುಖ ನೆನಪಾಯಿತು. ಗೋಡೆಯ ಕಡೆ ತಿರುಗಿಕೊಂಡದ್ದೂ ನೆನಪಾಯಿತು. ಬಾಯಿ ಮುಚ್ಚಿ ತಲೆಯಾಡಿಸಿದೆ.

ಒಮ್ಮೆ ತಲೆಯಾಡಿಸಿದ ಮೇಲೆ ನಿಲ್ಲಿಸುವುದು ಕಷ್ಟ. ನನಗೆ ಅದು ಚೆನ್ನಾಗಿ ಗೊತ್ತಿತ್ತು.

ಕೇಳಿಸದವಳಿಗೆ ನೋಡುವುದೊಂದೇ ಉಳಿದಿರುತ್ತದೆ. ಅವಳ ಬಲಗಣ್ಣಿನಲ್ಲಿ ಮಾತ್ರ ನೀರು ತುಂಬಿ ಕಿವಿಯ ಕಡೆಗೆ ಇಳಿಯಿತು. ಒಮ್ಮೆ ಗದ್ದದಿಂದ ಒಳಮನೆಯ ಕಡೆ ತೋರಿಸಿದಳು. ನಡುವೆ ಹೆಬ್ಬೆರಳಿನಿಂದ ಉಳಿದ ಬೆರಳನ್ನು ಮುಟ್ಟುತ್ತಾ ಒಂದು, ಎರಡು, ಮೂರು ಎಂದು ಮಡಿಸಿದಳು. ಮೂರನೆಯದರ ಹತ್ತಿರ ಬಹಳ ಹೊತ್ತು ನಿಂತಳು. ಆಮೇಲೆ ನನ್ನ ಮಣಿಕಟ್ಟನ್ನು ಬಿಗಿಯಾಗಿ ಒತ್ತಿ ಏನೋ ಕೇಳಿ, ಉತ್ತರಕ್ಕೆ ಕಾದಳು. ಅದು ಪ್ರಶ್ನೆ ಎಂದು ಹುಬ್ಬಿನಿಂದ ತಿಳಿಯಿತು.

“ಆಗಲವ್ವ” ಅಂದೆ.

ಬಿಗಿಹಿಡಿದ ಕೈ ಸಡಿಲವಾಯಿತು. ಅವಳು ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಿನಲ್ಲಿ ನಿದ್ದೆ ಬಂತು. ಹಣೆಯಲ್ಲಿ ಎಷ್ಟೋ ತಿಂಗಳಿಂದ ಇದ್ದ ಗೆರೆ ಅಂದು ಇರಲಿಲ್ಲ.

ಅತ್ತಿಗೆ ಸಂತೆಯಿಂದ ಬಂದ ಕೂಡಲೇ ನಾನು ಕ್ಲಿನಿಕ್ಕಿಗೆ ಓಡಿದೆ. ಹುಡುಗಿ ಅಚ್ಚನ್ನು ಬೆಳಕಿಗೆ ಹಿಡಿದು ನೋಡಿ, ಸಣ್ಣ ತಂತಿಯಿಂದ ರಂಧ್ರವನ್ನು ಕೆದಕಿದಳು. ಮೇಜಿನ ಮೇಲೆ ಹಾಸಿದ ಕಾಗದಕ್ಕೆ ಗೋಡೆಯ ಸುಣ್ಣದಂಥ ಬಿಳಿ ಚೂರು ಉದುರಿತು. ಎರಡನೆಯದರಿಂದಲೂ ಉದುರಿತು. ಮಿಷನ್ನಿನ ಮೇಲುಭಾಗದ ತೂತೂ ಬಿಳಿಯಾಗಿತ್ತು. ಪೌಡರು ಹಾಕಲ್ಲ ಅಂದಿದ್ದಿರಲ್ಲ ಆಂಟಿ ಎಂದು ಎದುರಿಗೆ ಬಂದು ಗಟ್ಟಿಯಾಗಿ ಕೇಳಿದಳು. ಹಾಕಲ್ಲ ಕಣಮ್ಮ ಅಂದೆ. ಅವಳು ತಲೆಯೆತ್ತಿ ನನ್ನ ಮುಖ ನೋಡಿದಳು, ಹಣೆ ನೋಡಿದಳು, ಆಮೇಲೆ ನನ್ನ ಕಿವಿ ನೋಡಿದಳು.

“ಇದೇನು ಮತ್ತೆ ಆಂಟಿ?”

ನಾನು ಕಿವಿ ಮುಟ್ಟಿಕೊಂಡೆ. ಬೆರಳಿಗೆ ವಿಭೂತಿ ಬಂತು. ಒದ್ದೆ ಬೆರಳಿನ ವಿಭೂತಿ ದಿನಾ ಒಂದಿಷ್ಟು ರಂಧ್ರದೊಳಕ್ಕೆ ಹೋಗಿ, ಒಣಗಿ, ಗಟ್ಟಿಕಟ್ಟಿತ್ತು. ವಿಭೂತಿಯೂ ಪುಡಿ ಎನ್ನುವುದು ಆ ಕ್ಷಣದವರೆಗೂ ನನಗೆ ಹೊಳೆದಿರಲಿಲ್ಲ. ಅಭ್ಯಾಸವಾಗುತ್ತಿದೆ ಎಂದು ನಾನು ಸಂತೋಷಪಟ್ಟ ಎಂಟು ದಿನವೂ ಕಿವಿ ಮುಚ್ಚಿಕೊಳ್ಳುತ್ತಾ ಬಂದಿತ್ತು. ಅವಳಿಗೆ ಸರಿಮಾಡಲು ಹತ್ತು ನಿಮಿಷವೂ ಬೇಕಾಗಲಿಲ್ಲ. ಹಾಕಿದ ಕೂಡಲೇ ಫ್ಯಾನಿನ ಸದ್ದು ಮೊದಲ ದಿನದ ಹಾಗೆ ತಲೆಗೆ ಬಡಿಯಿತು.

ವಾಪಸು ಹೋದಾಗ ಅವ್ವ ಎಚ್ಚರವಾಗಿದ್ದಳು. ಅಣ್ಣ ತೋಟದಿಂದ ಬಂದು ಮಂಚದ ಕಾಲ ಹತ್ತಿರ ಕೂತಿದ್ದ. ಅತ್ತಿಗೆ ಗಂಜಿ ಕುಡಿಸುತ್ತಿದ್ದರು. ಚಮಚ ಬಟ್ಟಲಿಗೆ ತಾಗುವುದು, ಅವ್ವ ನುಂಗುವುದು, ಎಲ್ಲ ಕೇಳಿಸಿತು. ನಾನು ಹತ್ತಿರ ಹೋದಾಗ ಅವಳು ಅಣ್ಣ ಅತ್ತಿಗೆಯರ ಮುಂದೆಯೇ ಹೇಳಿದಳು: “ಎಲ್ಲಾನೂ ಯೋಳ್ಬುಟ್ಟೆ ಕಣ್ ಕೂಸೇ. ಈಗ ಅಗುರಾಯ್ತು.”

ಅಣ್ಣ ತಲೆಯೆತ್ತಿ ನನ್ನನ್ನು ನೋಡಿದ. ಅತ್ತಿಗೆಯ ಚಮಚ ಒಂದು ಕ್ಷಣ ನಿಂತಿತು.

ಅವಳು ಅಷ್ಟು ಕಷ್ಟಪಟ್ಟು ಇಳಿಸಿದ್ದನ್ನು ಮತ್ತೆ ಅವಳ ಎದೆಯ ಮೇಲೆ ಹೇಗೆ ಇಡಲಿ. ಆಗಲಿ ಅಂದದ್ದು ಸುಳ್ಳು ಎಂದು ಹೇಗೆ ಹೇಳಲಿ. ನಾಳೆ ಇವರಿಲ್ಲದಾಗ ಕೇಳೋಣ, ಕಾಲು ಹಿಡಿದಾದರೂ ಇನ್ನೊಮ್ಮೆ ಹೇಳಿಸಿಕೊಳ್ಳೋಣ ಎಂದು ಮನಸ್ಸಿಗೆ ಹೇಳಿಕೊಂಡೆ. ಒಂದು ಭಾಗ ಅವಳ ಮೇಲಿನ ಕರುಣೆ. ಇನ್ನೊಂದು ಭಾಗ ಬೆಂಚಿನ ಮೇಲೆ ನಿಲ್ಲುವ ಹೆದರಿಕೆ. ಯಾವುದು ಎಷ್ಟಿತ್ತೆಂದು ಈಗಲೂ ತೂಗಲಾರೆ.

ಆ ರಾತ್ರಿ ಅಲ್ಲೇ ಉಳಿದೆ. ಬೆಳಿಗ್ಗೆ ಅವ್ವ ಏಳಲಿಲ್ಲ. ಉಸಿರು ಇತ್ತು, ಕಣ್ಣು ತೆರೆಯಲಿಲ್ಲ. ಡಾಕ್ಟರು ಬಂದು ನೋಡಿ ಅಣ್ಣನನ್ನು ಹೊರಗೆ ಕರೆದುಕೊಂಡು ಹೋದರು. ಮಧ್ಯಾಹ್ನ ಮಠದ ಅಯ್ಯನವರು ಬಂದರು. ಅವಳ ಹಣೆಗೆ, ತೋಳಿಗೆ, ಕಿವಿಗೆ ವಿಭೂತಿ ಹಚ್ಚಿ, ಬಗ್ಗಿ ಬಲಗಿವಿಯಲ್ಲಿ ಪಂಚಾಕ್ಷರಿ ಹೇಳಿದರು. ಪಿಸುಮಾತಿನಲ್ಲಿ ಹೇಳಿದರು. ಮಾರು ದೂರದಲ್ಲಿ ಗೋಡೆಗೆ ಒರಗಿ ನಿಂತಿದ್ದ ನನಗೆ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳಿಸಿತು. ಅವಳಿಗೆ ಕೇಳಿಸಿತೋ ಇಲ್ಲವೋ. ಮುಖದ ಮೇಲೆ ಏನೂ ಆಗಲಿಲ್ಲ. ಸಂಜೆಯ ಹೊತ್ತಿಗೆ ಅವಳ ಉಸಿರಿನ ಆ ಕೊಳವೆಯ ಸದ್ದು ನಿಂತಿತು. ನಿಂತದ್ದು ಕೋಣೆಯಲ್ಲಿ ಎಲ್ಲರಿಗಿಂತ ಮೊದಲು ತಿಳಿದದ್ದು ನನಗೆ.

ಉಡಿಗಾಲದ ನಮ್ಮ ಹೊಲದಲ್ಲಿ, ಅಪ್ಪನ ಗದ್ದುಗೆಯ ಪಕ್ಕದಲ್ಲೇ ಅವಳನ್ನು ಕೂರಿಸಿ ಮಣ್ಣು ಮಾಡಿದರು. ವಿಭೂತಿ ಗಟ್ಟಿ, ಬಿಲ್ವಪತ್ರೆ, ಆಮೇಲೆ ಮಣ್ಣು. ಅದು ಬೀಳುವ ಸದ್ದು ಕೇಳಲಾರದೆ ಕೈ ಕಿವಿಯ ಹಿಂದಕ್ಕೆ ಹೋಯಿತು, ಆದರೆ ತೆಗೆಯಲಿಲ್ಲ. ಅಷ್ಟನ್ನಾದರೂ ಕೇಳಿಸಿಕೊಳ್ಳಬೇಕು ಅನ್ನಿಸಿತು.

ಹನ್ನೊಂದನೆಯ ದಿನದ ಕಾರ್ಯ ಮುಗಿದು ನೆಂಟರೆಲ್ಲ ಹೋದ ಮೇಲೆ ಅತ್ತಿಗೆ ಹಿತ್ತಲಿನಲ್ಲಿ ಪಾತ್ರೆ ಉಜ್ಜುತ್ತಿದ್ದರು. ನಾನು ತೊಳೆದಿಡುತ್ತಿದ್ದೆ. ಅವ್ವ ನಿಮ್ಮ ಹತ್ತಿರ ಏನಾದರೂ ಹೇಳಿದ್ದಳೇ ಎಂದು ಕೇಳಿದೆ. ಅವರು ಉಜ್ಜುವುದನ್ನು ನಿಲ್ಲಿಸಲಿಲ್ಲ.

“ನಮ್ಗ್ಯಾಕಮ್ಮಿ ಯೋಳಾರು. ಎರಡೊರ್ಸ ಏಲು ಉಚ್ಚೆ ಬಳ್ದೋಳ್ಗೆ ಬ್ಯಾಡ, ಮಗಳ್ಗೇ ಯೋಳ್ಬೇಕು ಅಂತ ಕಾಯ್ತಿದ್ರು. ನಿಂಗೆ ಯೋಳಿದ್ರಲ್ಲ, ಸಾಕು.”

“ನನಗೆ ಕೇಳಿಸ್ಲಿಲ್ಲ ಅತ್ತಿಗೆ.”

ಅವರು ಈಗ ನನ್ನ ಕಡೆ ತಿರುಗಿದರು. “ಅಯ್ನೋರು ಗುಟ್ನಲ್ಲಿ ಯೋಳಿದ್ದು ಕೇಳ್ತು ಅಂತ ನೀನೇ ಅಲ್ವ ಅಂದದ್ದು. ಬುಡು. ಯೋಳ್ಬಾರ್ದು ಅಂದಿದ್ರೆ ಯೋಳ್ಬ್ಯಾಡ. ಕೇಳಕಿಲ್ಲ ಅಂತ ಮಾತ್ರ ಅನ್ಬ್ಯಾಡ.”

ವಿಭೂತಿಯ ಕಥೆ ಹೇಳಿದೆ. ಅವರು ಪೂರ್ತಿ ಕೇಳಿದರು. ನಂಬಿದಂತೆ ತಲೆಯಾಡಿಸಿದರು. ಆ ತಲೆಯಾಡಿಸುವಿಕೆ ಎಂಥದ್ದೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು. ಅಣ್ಣನಿಗೂ ಹೇಳಿದೆ. ಹೋಗ್ಲಿ ಬುಡು ಅಂದ. ಈಗ ಅವರು ಫೋನು ಮಾಡುವುದು ಹಬ್ಬಕ್ಕೆ ಮಾತ್ರ. ದನಿ ಸ್ಪಷ್ಟವಾಗಿ ಕೇಳಿಸುತ್ತದೆ. ಮಾತಿನ ನಡುವೆ ಅವರು ಬಿಡುವ ಜಾಗವೂ ಸ್ಪಷ್ಟವಾಗಿ ಕೇಳಿಸುತ್ತದೆ.

ಯಾವುದಕ್ಕೆ ಒಪ್ಪಿದೆನೋ ಗೊತ್ತಿಲ್ಲ. ಅವ್ವನ ಸೀರೆಗಳನ್ನು ಹಂಚಿದಾಗ, ಒಳಮನೆಯ ಹಳೆಯ ಪೆಟ್ಟಿಗೆಯನ್ನು ಅಣ್ಣ ಒಡೆಸಿದಾಗ, ವರ್ಷದ ಪೂಜೆಗೆ ಯಾರನ್ನು ಕರೆಯಬೇಕು ಎಂದು ಮಾತು ಬಂದಾಗ, ಇದಕ್ಕೇ ಇರಬಹುದೇ, ಇದನ್ನೇ ಮಾಡಬೇಡ ಅಂದಿದ್ದಳೇ ಎಂದು ಕೈ ತಡೆಯುತ್ತದೆ. ಮೂರು ಜನವೋ, ಮೂರು ಕೆಲಸವೋ, ಮೂರು ವರ್ಷದ ಹಿಂದಿನದೋ. ಕೊಟ್ಟ ಮಾತನ್ನು ನಡೆಸುತ್ತಿದ್ದೇನೋ ಮುರಿಯುತ್ತಿದ್ದೇನೋ ತಿಳಿಯದೆಯೇ ದಿನಗಳು ಹೋಗುತ್ತಿವೆ.

ತಲೆಯಾಡಿಸುವುದನ್ನು ಬಿಟ್ಟಿದ್ದೇನೆ. ತಿಳಿಯದಿದ್ದರೆ ಏನಂದಿರಿ ಅನ್ನುತ್ತೇನೆ, ಎರಡನೆಯ ಸಲವೂ ಅನ್ನುತ್ತೇನೆ, ಮೂರನೆಯ ಸಲವೂ. ಯಜಮಾನರಿಗೆ ಕೆಲವು ಸಲ ರೇಗುತ್ತದೆ. ಬಲಗಿವಿಯೊಳಗೆ ಅಚ್ಚಿನ ಅಂಚು ಇನ್ನೂ ಒತ್ತುತ್ತದೆ, ಚಮಚ ಬಿದ್ದರೆ ಹಲ್ಲು ಇನ್ನೂ ಜುಮ್ಮೆನ್ನುತ್ತದೆ. ಜುಮ್ಮೆನ್ನದ ದಿನ ಗಾಬರಿಯಾಗಿ ತೆಗೆದು ಬೆಳಕಿಗೆ ಹಿಡಿದು ನೋಡುತ್ತೇನೆ.

ಬೆಳಿಗ್ಗೆ ಮೂರು ಬೆರಳನ್ನು ವಿಭೂತಿಯಲ್ಲಿ ಅದ್ದುವಾಗ ಅವ್ವನ ಮಡಿಸಿದ ಬೆರಳು ಕಾಣುತ್ತದೆ. ಹಣೆಗೆ, ಕುತ್ತಿಗೆಗೆ, ತೋಳಿಗೆ ಹಚ್ಚಿ, ಕಿವಿಯ ಹತ್ತಿರ ಬಂದಾಗ ಕೈ ಸ್ವಲ್ಪ ಹೊತ್ತು ನಿಲ್ಲುತ್ತದೆ. ಹಚ್ಚುವುದನ್ನು ಬಿಟ್ಟಿಲ್ಲ. ಪೂಜೆ ಮುಗಿಸಿ, ಬಚ್ಚಲಿಗೆ ಹೋಗಿ ಬೆರಳು ತೊಳೆದು, ಕಿವಿ ಒರೆಸಿ, ಬಿಸಿಲಿಗೆ ಕೈ ಹಿಡಿದು ಪೂರ್ತಿ ಒಣಗಿದೆಯೇ ಎಂದು ನೋಡಿ, ಆಮೇಲೆ ಡಬ್ಬಿ ತೆರೆಯುತ್ತೇನೆ.